ಅಲೆ ಹುಡುಕುತ್ತ ಅಣ್ಣನ ಬೈಕಿನ ಹಿಂದೆ

ಈ ಸಲದ ದಸರಾ ರಜೆಯಲ್ಲಿ ನಾನು ಮುಲ್ಕಿಗೆ ಹೋಗಿದ್ದು ಸಮುದ್ರ ನೋಡಲಿಕ್ಕಲ್ಲ. ಅಪ್ಪ ಕಳಿಸಿದ್ದ. "ನಿಮ್ಮಣ್ಣ ಅಲ್ಲಿ ಏನ್ ಮಾಡಾಕತ್ತಾನ, ಹೋಗಿ ನೋಡಿ ಬಾ" ಅಂತ.

ಅಣ್ಣ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಪಿಯುಸಿ ಮೊದಲ ವರ್ಷಕ್ಕೇ ಬಿಟ್ಟು ಹೋದವನು. ಅವನು ಬಿಟ್ಟಿದ್ದರಿಂದಲೇ ನಾನು ಓದುತ್ತಿದ್ದೇನೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೆಪ್ಟೆಂಬರ್ ಮಳೆಗೆ ಭೀಮಾ ತೀರದ ಊರುಗಳಿಗೆ ನೀರು ನುಗ್ಗಿದ್ದು ನಿಮಗೆಲ್ಲ ಗೊತ್ತು. ಯಂಕಂಚಿಯಲ್ಲಿ ನಮ್ಮ ಹೊಲದ ತೊಗರಿಯೂ ನೀರು ನಿಂತು ಕೊಳೆಯಿತು. ಅದೇ ಹೊತ್ತಿಗೆ ಅಣ್ಣ ಕಳಿಸುವ ದುಡ್ಡೂ ಕಡಿಮೆಯಾಯಿತು. ಅವನ ಜೊತೆ ಕೆಲಸ ಮಾಡುವ ನಮ್ಮೂರಿನವನೊಬ್ಬ ಬಂದು, "ಅಂವಗ ಸಮುದ್ರದ ಹುಚ್ಚು ಹಿಡದೈತಿ. ರವಿವಾರ ಕೆಲಸಕ್ಕ ಬರೂದಿಲ್ಲ. ಬೈಕ್ ತಗೊಂಡು ಅಲೆ ಹುಡುಕ್ಕೋತ ತಿರಗತಾನ" ಅಂದ.

ಅಲೆ ಹುಡುಕುವುದು ಅಂದರೇನು? ಸಮುದ್ರದಲ್ಲಿ ಅಲೆ ಇರುವುದಿಲ್ಲವೇ, ಹುಡುಕುವುದೇನು? ಅಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಚೀಲ ಇಂಡಿ ನಿಂಬೆಹಣ್ಣು ಕಟ್ಟಿಕೊಟ್ಟಳು. ರಾತ್ರಿ ಬಸ್ಸು ಕೊಲ್ಹಾರದ ಸೇತುವೆ ದಾಟುವಾಗ ಎದ್ದು ಕೂತು ನೋಡಿದೆ. ಆಲಮಟ್ಟಿ ಹಿನ್ನೀರು ತುಂಬಿದಾಗ ಅಲ್ಲಿ ಕೃಷ್ಣೆ ಕಾಣುವಷ್ಟು ಅಗಲದ ನೀರನ್ನು ಅದುವರೆಗೆ ನಾನು ಬೇರೆಲ್ಲೂ ಕಂಡಿರಲಿಲ್ಲ.

ಅಕ್ಟೋಬರ್ 2, ಕೆಲಸಕ್ಕೆ ರಜೆ. ಹಿಂದಿನ ದಿನದ ಆಯುಧ ಪೂಜೆಯ ಚೆಂಡು ಹೂವಿನ ಮಾಲೆ ಬೈಕಿನ ಹ್ಯಾಂಡಲ್‌ಗೆ ಇನ್ನೂ ಇತ್ತು. ಬೆಳಗಿನ ಐದೂವರೆಗೆ ಅಣ್ಣ ಎಬ್ಬಿಸಿದ. ಬಿಸಿಲೇರಿದರೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಅಲೆಯೆಲ್ಲ ಕಲಸಿಹೋಗುತ್ತದಂತೆ. ಮೊದಲು ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ನದಿ ಕೂಡಿ ಸಮುದ್ರ ಸೇರುವ ಜಾಗ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇಲ್ಲೇ ನಡೆದಿತ್ತು. ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು 2004ರಲ್ಲಿ. ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರುವ ಈ ಆಟ ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲೂ ಇದೆ.

ಅಣ್ಣ ಬೈಕಿನಿಂದ ಇಳಿಯಲೇ ಇಲ್ಲ. ಕಾಲೂರಿ ಎರಡು ನಿಮಿಷ ನೋಡಿ, "ಇವತ್ತ ಇಲ್ಲ" ಅಂದ. ನನಗೆ ಕಂಡದ್ದು ಅಲೆಯೇ ಅಲೆ. "ಒಮ್ಮೆಲೇ ಉದ್ದಕ್ಕೂ ಮುರೀತಾವ ನೋಡು. ಒಂದ್ ಕಡೆಯಿಂದ ಮುರಕೋತ ಬರಬೇಕು" ಅಂದ. ನದಿ ತಂದು ಹಾಕುವ ಮರಳು ನೀರೊಳಗೆ ದಿಬ್ಬವಾಗುತ್ತದೆ. ಆ ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಅದಕ್ಕೇ ಹುಡುಕಾಟ. ಆಚೆ ದಡದ ಹೆಜಮಾಡಿ ಕೋಡಿ ಕಣ್ಣೆದುರಿಗೇ ಇದ್ದರೂ ಬೈಕಿಗೆ ಮುಲ್ಕಿ ಸುತ್ತಿ ಬರಬೇಕು. ನಮ್ಮಲ್ಲಿ ಕೋಡಿ ಅಂದರೆ ಕೆರೆ ತುಂಬಿ ಹರಿಯುವ ಜಾಗ. ಅವರಿಗೆ ನೀರಿನೊಳಗೆ ಚಾಚಿದ ನೆಲದ ತುದಿ. ಅಲ್ಲೂ ಸರಿಯಿರಲಿಲ್ಲ. ಕಾಪುವಿನಲ್ಲಿ ದೀಪಸ್ತಂಭದ ಸುತ್ತ ಜನವೋ ಜನ. ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪ ಕಾಣಿಸಿದಾಗ ನಾನು, "ಅಲ್ಲಿಗೆ ಬೈಕ್ ಹೋಗತೈತೇನು?" ಅಂದೆ. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದವರು ನಕ್ಕರು. ಅದು ಲಾವಾರಸ ಆರಿ ಕಂಬಗಳಾದ ಕಲ್ಲಿನ ದ್ವೀಪ, ದೋಣಿಯಲ್ಲಿ ಹೋಗಬೇಕು. ಅಣ್ಣ ನಗಲಿಲ್ಲ. "ನಡಿ, ಬೈಕ್ ಹೋಗೋ ದ್ವೀಪ ತೋರಸ್ತೀನಿ" ಅಂದ.

ಮಲ್ಪೆಯಿಂದ ಉತ್ತರಕ್ಕೆ ಹೋದರೆ ಕೋಡಿಬೆಂಗ್ರೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸುವರ್ಣಾ ನದಿ, ನಡುವೆ ತೆಂಗಿನ ಸಾಲು, ಮನೆಗಳು, ಕಿರಿದಾದ ರಸ್ತೆ. ತುದಿಗೆ ಹೋದರೆ ಮೂರು ಕಡೆ ನೀರು. ಪೂರ್ತಿ ದ್ವೀಪವಲ್ಲ, ಆದರೆ ಬೈಕಿನ ಮೇಲೆ ಕೂತವನಿಗೆ ದ್ವೀಪವೇ. ಅಲ್ಲಿ ಒಂದು ಕಡೆ ನಮ್ಮ ಬೈಕಿನ ಹಿಂದಿನ ಗಾಲಿ ಮರಳಿನಲ್ಲಿ ಹೂತುಕೊಂಡಿತು. ಅಣ್ಣ ತೆಂಗಿನ ಗರಿ ಎಳೆದು ತಂದು ಗಾಲಿಯ ಕೆಳಗಿಟ್ಟ, ನಾನು ದಬ್ಬಿದೆ. ಬಾಯಿ ತುಂಬ ಮರಳು.

ಇಲ್ಲಿ ಅಲೆ ಇತ್ತು. ದೊಡ್ಡದಲ್ಲ, ನನ್ನ ಎದೆಯಷ್ಟು ಎತ್ತರ. ಉತ್ತರದ ತುದಿಯಿಂದ ಬಿಳಿ ನೊರೆ ಶುರುವಾಗಿ, ಬಟ್ಟೆ ಹರಿದ ಹಾಗೆ ದಕ್ಷಿಣಕ್ಕೆ ಸಾಗುತ್ತಿತ್ತು. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವೀಯ ಮತ್ತು ತುಷಾರ್ ಪತಿಯಾನ್ 2007ರಲ್ಲಿ ಶುರುಮಾಡಿದ ಶಾಕಾ ಸರ್ಫ್ ಕ್ಲಬ್ ಇರುವುದು ಈ ಊರಿನಲ್ಲೇ. ಇಶಿತಾ ನಮ್ಮ ದೇಶದ ಮೊದಲ ವೃತ್ತಿಪರ ಮಹಿಳಾ ಸರ್ಫರ್. ಇಲ್ಲಿಯ ಮೀನುಗಾರರ ಮಕ್ಕಳಿಗೆ ಈಗ ಹಲಗೆ ಹೊಸದಲ್ಲ. ಸುಮಾರು ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ಕಣ್ಣೆದುರೇ ಎದ್ದು ನಿಂತು ದಡದವರೆಗೆ ಬಂದಳು. ಅಣ್ಣನಿಗೆ ಪರಿಚಯದ ಹುಡುಗನೊಬ್ಬ ತನ್ನ ಹಳೆಯ ಮೆತ್ತನೆ ಹಲಗೆ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಬದಲಿಗೆ ಅಣ್ಣ ಅವರ ಮನೆಯ ಕಾಂಪೌಂಡಿಗೆ ಹೋದ ತಿಂಗಳು ಸಿಮೆಂಟ್ ಮಾಡಿಕೊಟ್ಟಿದ್ದನಂತೆ.

ಹಲಗೆಯ ಹಗ್ಗ ಕಾಲಿಗೆ ಕಟ್ಟಿಕೊಳ್ಳುತ್ತ ಅಣ್ಣ ಹೇಳಿದ. ಮಾರ್ಚಿನಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಮೈ ತೊಳೆಯಲು ನದಿ ಬಾಯಿಯ ಹತ್ತಿರ ಇಳಿದಿದ್ದ. ಸೆಳೆತ ಎಳೆದುಕೊಂಡು ಹೋಯಿತು. ಊರ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಕಾಯಿ ಕಟ್ಟಿಕೊಂಡು ಕಲಿತ ಈಜು ಅಲ್ಲಿ ನಡೆಯಲಿಲ್ಲ. ದಡದ ಕಡೆಗೆ ಎಷ್ಟು ಕೈ ಬೀಸಿದರೂ ದಡ ದೂರವಾಗುತ್ತಲೇ ಹೋಯಿತು. ಹಲಗೆ ಮೇಲಿದ್ದ ಇಬ್ಬರು ಹುಡುಗರು ಬಂದು ಎಳೆದು ತಂದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. (ಅಪ್ಪ ಈ ಪತ್ರಿಕೆ ಓದುವುದಿಲ್ಲ. ಯಂಕಂಚಿಯಿಂದ ಬರುವ ಗೆಳೆಯರು ದಯವಿಟ್ಟು ಬಾಯಿ ಬಿಡಬೇಡಿ, ನಾನೇ ಹೇಳುತ್ತೇನೆ.)

ಅಲೆ ಮುರಿಯದೆ, ನೀರು ಸಪಾಟಾಗಿ ಶಾಂತವಾಗಿ ಕಂಡ ಜಾಗದಲ್ಲೇ ಸೆಳೆತ ಇರುತ್ತದಂತೆ. ನಮ್ಮಂಥವರು ಸುರಕ್ಷಿತ ಅಂದುಕೊಂಡು ಇಳಿಯುವುದು ಅಲ್ಲಿಗೇ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬಾರದು, ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ನೆನಪಾಗಿ ನನ್ನ ಕಾಲು ತಣ್ಣಗಾಯಿತು. ನಾವೂ ಪ್ರವಾಸಕ್ಕೆ ಆ ಕಡೆಗೇ ಹೋಗುವವರು.

ನಾನು ಕೇಳಬೇಕಾದ್ದನ್ನು ಕೇಳಿದೆ. ತೊಗರಿ ಕೊಳೆತ ವರ್ಷ ರವಿವಾರದ ಕೂಲಿ ಬಿಡುವುದು ಸರಿಯೇನು? ಹಳೆಯ ಬೈಕ್ ತಗೊಂಡ ಸಾಲ ತೀರಿಸುತ್ತಿದ್ದೇನೆ, ಇನ್ನು ಮೂರು ಕಂತು ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರ್ ದಿನ ಮಂದಿ ಮನಿ ಕಟ್ತೀನಿ. ಒಂದ್ ದಿನ ನಂದು" ಅಂದ. ನನಗೆ ಅದು ಅರ್ಧ ಒಪ್ಪಿಗೆಯಾಯಿತು, ಅರ್ಧ ಈಗಲೂ ಇಲ್ಲ. ಅವನ ಮೊಬೈಲಿನ ಪರದೆಯ ಮೇಲೆ ರಮೇಶ್ ಬೂದಿಹಾಳ ಅವರ ಫೋಟೊ ಇದೆ. ಕೇರಳದ ಕೋವಳಂ ದಂಡೆಯಲ್ಲಿ ಕರಕುಶಲ ವಸ್ತು ಮಾರುತ್ತಿದ್ದ ಕರ್ನಾಟಕ ಮೂಲದ ಕುಟುಂಬದವರು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಅಲ್ಲಿ ವೈಯಕ್ತಿಕ ಪದಕ ಗೆದ್ದ ಮೊದಲ ಭಾರತೀಯ. ಬೂದಿಹಾಳ ಎಂಬ ಹೆಸರು ನಮ್ಮ ಕಡೆಯವರಿಗೆ ಹೊಸದೇ? ಅಣ್ಣ ಪದಕ ಗೆಲ್ಲುವುದಿಲ್ಲ, ಅದು ಅವನಿಗೂ ಗೊತ್ತು.

ಅವನು ಎರಡು ಸಲ ನಿಂತ, ಎಂಟು ಸಲ ಬಿದ್ದ. ನನ್ನನ್ನು ಸೊಂಟದ ನೀರಿನಲ್ಲಿ ಹಲಗೆ ಮೇಲೆ ಮಲಗಿಸಿ ದಬ್ಬಿದ. ಭೌತಶಾಸ್ತ್ರದ ಸರ್ ಹೋದ ವರ್ಷ, ತರಂಗ ಮುಂದೆ ಹೋಗುತ್ತದೆ, ಮಾಧ್ಯಮ ಹೋಗುವುದಿಲ್ಲ ಅಂತ ಹೇಳಿದ್ದರು. ಗಾಳಿ ಬಂದಾಗ ನಮ್ಮ ಜೋಳದ ಹೊಲದಲ್ಲಿ ಅಲೆ ಓಡುತ್ತದಲ್ಲ, ದಂಟು ಮಾತ್ರ ನಿಂತಲ್ಲೇ ಇರುತ್ತದೆ, ಹಾಗೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಬಲ ಸಾವಿರಾರು ಕಿಲೋಮೀಟರ್ ಹೀಗೇ ದಾಟಿ ಬಂದು ಇಂಥ ದಂಡೆಗಳಲ್ಲಿ ಮುರಿಯುತ್ತದೆ. ಅದು ನನ್ನನ್ನು ಎತ್ತಿ ಒಂದು ಹತ್ತು ಮಾರು ಒಯ್ದಿತು. ಎದ್ದು ನಿಲ್ಲಲು ಹೋಗಿ ಮೂಗಿಗೆ ನೀರು ತುಂಬಿಕೊಂಡೆ.

ವಾಪಸ್ ಬಂದು ಮೊದಲು ಬೈಕನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಟ್ಟೆವು, ಉಪ್ಪು ಕಬ್ಬಿಣ ತಿನ್ನುತ್ತದೆ. ರೊಟ್ಟಿ ಬಿಚ್ಚುವ ಹೊತ್ತಿಗೆ ಅಪ್ಪನ ಫೋನ್ ಬಂತು. ಅಣ್ಣ ನನ್ನ ಮುಖ ನೋಡುತ್ತಿದ್ದ.

"ಏನ್ ಮಾಡಾಕತ್ತಾನೋ ಅಂವ?"

"ಈಜು ಕಲ್ಯಾಕತ್ತಾನ" ಅಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಕೇಳಿದ, "ಅಲ್ಲಿ ನೀರು ಎಷ್ಟು ಆಳ ಐತಿ?"

"ಸೊಂಟದಷ್ಟು" ಅಂದೆ.