ಈ ಶನಿವಾರ ಊರಿಗೆ ಬರಬೇಡ ಪುಟ್ಟಿ

ಹಿರಿಯೂರು
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅಳುವುದಕ್ಕೆ ಶುರು ಮಾಡಿದ ಮೇಲೆ ನನಗೂ ಗಂಟಲು ಕಟ್ಟಿತು. ಹೇಳಬೇಕಾದ್ದನ್ನು ಹೇಳದೆಯೇ ಫೋನಿಟ್ಟೆ. “ಅಕ್ಕ, ಟಿ.ಸಿ. ತಗೊಂಡು ಗುಂಡ್ಲುಪೇಟೆ ಕಾಲೇಜಿಗೇ ಬಂದುಬಿಡ್ತೀನಿ, ಅಪ್ಪಂಗೆ ನೀನೇ ಹೇಳು” ಅಂದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಅಪ್ಪನಿಗೆ ನಾನು ಹೇಳುವುದಿಲ್ಲ. ಬರಲೇಬೇಕು ಅನ್ನಿಸಿದರೆ ಖಂಡಿತ ಬಾ. ಊರ ಹತ್ತಿರದ ಕಾಲೇಜಿನಲ್ಲಿ ಓದಿದವರು ಯಾರೂ ಕೆಟ್ಟಿಲ್ಲ. ಅಮ್ಮನ ಕೈಯೂಟ ಉಂಡುಕೊಂಡು ಓದುವುದು ಸಣ್ಣ ಭಾಗ್ಯವೂ ಅಲ್ಲ. ಆದರೆ ಆ ಮಾತನ್ನು ಅಪ್ಪನ ಎದುರು ಕೂತು ನೀನೇ ಆಡಬೇಕು. ದೀಪಾವಳಿಗೆ ನಾನೂ ಬರುತ್ತೇನೆ, ಬೇಕಾದರೆ ಪಕ್ಕದಲ್ಲಿ ಕೂತಿರುತ್ತೇನೆ. ಈಗ ನಿನ್ನ ಬದಲು ನಾನು ಮಾತಾಡಿದರೆ ಮುಂದೆ ಕೆಲಸಕ್ಕೆ, ಮದುವೆಗೆ, ಪ್ರತಿಯೊಂದಕ್ಕೂ ನಿನ್ನ ಬದಲು ಯಾರಾದರೂ ಮಾತಾಡಬೇಕಾಗುತ್ತದೆ. ಅದು ನನಗೆ ಬೇಡ.

ನಿನಗೆ ಏನಾಗುತ್ತಿದೆ ಅಂತ ಗೊತ್ತು ಕಣೇ. ಪಿಯುಸಿ ಮುಗಿಯುವ ತನಕ ನೀನು ಯಾರ ಮಗಳು, ಯಾರ ತಂಗಿ ಅಂತ ಊರಿಗೆಲ್ಲ ಗೊತ್ತಿತ್ತು, ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತು. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ನಿನ್ನನ್ನು ಮಾತಾಡಿಸುವವರಿಲ್ಲ. ಕ್ಲಾಸಿನಲ್ಲಿ ಮುಂದಿನ ಬೆಂಚಿನವರು ಇಂಗ್ಲಿಷಿನಲ್ಲಿ ಪಟಪಟ ಅಂತ ಕೇಳುವಾಗ ನಿನ್ನ ಬಾಯಿ ಒಣಗುತ್ತದೆ. ಪಿ.ಜಿ.ಗೆ ಬಂದರೆ ರೂಮಿನ ಹುಡುಗಿ ಇಯರ್‌ಫೋನ್ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ಸಂಜೆ ಹೊತ್ತು ಹೋಗುವುದಿಲ್ಲ. ಮೊದಲ ವರ್ಷ ನಾನೂ ಇದನ್ನೆಲ್ಲ ಉಂಡಿದ್ದೇನೆ.

ಸ್ವಲ್ಪ ಧೈರ್ಯ ಬರಲಿ, ಆಮೇಲೆ ಎಲ್ಲ ಮಾಡುತ್ತೇನೆ ಅಂದೆ. ಅದು ಹಾಗೆ ಮೊದಲೇ ಬಂದು ಕೂರುವುದಿಲ್ಲ ಪುಟ್ಟಿ. ಕೈ ನಡುಗುತ್ತಿರುವಾಗಲೇ ಕೆಲಸ ಮಾಡಬೇಕು. ಮಾಡಿ ಮುಗಿಸಿ ರೂಮಿಗೆ ಬಂದು ನೀರು ಕುಡಿಯುವ ಹೊತ್ತಿಗೆ, ಇದು ನನ್ನಿಂದ ಆಯಿತು ಅನ್ನುವುದು ತಿಳಿಯುತ್ತದೆ. ನನಗೆ ಅದನ್ನು ಕಲಿಸಿದ್ದು ಹಾಸ್ಟೆಲ್ಲಿನ ಮೆಸ್ಸು. ಈ ಕಥೆಯನ್ನು ನಿನಗೆ ಪೂರ್ತಿಯಾಗಿ ಯಾವತ್ತೂ ಹೇಳಿಲ್ಲ.

ನಾನಿದ್ದದ್ದು ಅಗ್ರಹಾರದ ಕಡೆಯ ಟ್ರಸ್ಟ್ ಹಾಸ್ಟೆಲ್. ಅಲ್ಲಿ ಮೆಸ್ಸು ಡಿವೈಡಿಂಗ್ ಲೆಕ್ಕದ್ದು. ಅಕ್ಕಿ, ಬೇಳೆ, ತರಕಾರಿ, ಹಾಲು, ಗ್ಯಾಸು, ಅಡುಗೆಯವರ ಸಂಬಳ, ಹೀಗೆ ತಿಂಗಳಿಡೀ ಆದ ಖರ್ಚನ್ನು ಕೂಡಿಸಬೇಕು. ಯಾರು ಎಷ್ಟು ದಿನ ಊಟ ಮಾಡಿದರು ಅನ್ನುವ ಹಾಜರಿಯನ್ನು ಬೇರೆ ಕೂಡಿಸಬೇಕು. ಖರ್ಚನ್ನು ಆ ಹಾಜರಿಯಿಂದ ಭಾಗಿಸಿದರೆ ಬರುವುದು ದಿನದ ರೇಟು. ರೇಟು ಕಡಿಮೆ ಬಂದ ತಿಂಗಳು ಯಾರೂ ಏನೂ ಅನ್ನುವುದಿಲ್ಲ. ಎರಡು ರೂಪಾಯಿ ಹೆಚ್ಚಾಯಿತೋ, ಲೆಕ್ಕ ತೋರಿಸು ಅಂತ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು, ಅಲ್ಲಿದ್ದವರೆಲ್ಲ ನಮ್ಮಂಥ ಮನೆಯವರೇ. ಎರಡನೇ ವರ್ಷದ ಹುಡುಗಿಯರಲ್ಲಿ ತಿಂಗಳಿಗೆ ಇಬ್ಬರಂತೆ ಮೆಸ್ ಸೆಕ್ರೆಟರಿ ಆಗಬೇಕಿತ್ತು. ನನ್ನ ಪಾಳಿಯಲ್ಲಿ ಜೊತೆಗಿದ್ದವಳು ಹೆಗ್ಗಡದೇವನಕೋಟೆ ಕಡೆಯವಳು. ಅವಳು ಮಾತೇ ಆಡುತ್ತಿರಲಿಲ್ಲ, ನಾನು ಆಡಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಹೇಗಿತ್ತು ನೆನಪು ಮಾಡಿಕೋ. ಬೀನ್ಸ್ ಬಿಡಿಸುವುದಕ್ಕೆ, ಸಣ್ಣ ಈರುಳ್ಳಿ ಹಸನು ಮಾಡುವುದಕ್ಕೆ, ಮೂಟೆ ತುಂಬುವುದಕ್ಕೆ ಅಮ್ಮ, ನಾನು, ನೀನು. ತೆರಕಣಾಂಬಿ ಮಾರ್ಕೆಟ್ಟಿಗೆ ಹೋಗುವುದು ಅಪ್ಪ. ಏನು ರೇಟು ಸಿಕ್ಕಿತು, ದಲ್ಲಾಳಿ ಎಷ್ಟು ಹಿಡಿದುಕೊಂಡ ಅನ್ನುವ ಮಾತು ನಮ್ಮ ತನಕ ಬರುತ್ತಲೇ ಇರಲಿಲ್ಲ. ಹಾಗೆ ಬೆಳೆದವಳು ಇನ್ನೂ ಕತ್ತಲಿರುವಾಗಲೇ ಅಡುಗೆ ಭಟ್ಟರು ಕೊಟ್ಟ ಚೀಟಿ ಹಿಡಿದುಕೊಂಡು ಎಂ.ಜಿ. ರಸ್ತೆಯ ತರಕಾರಿ ಮಾರ್ಕೆಟ್ಟಿನಲ್ಲಿ ನಿಂತಿದ್ದೆ. ಸುತ್ತ ಮೂಟೆ, ಗೂಡ್ಸ್ ಆಟೋ, ಕೂಗಾಟ. ಮೊದಲ ಅಂಗಡಿಯವನು ಹೇಳಿದ ರೇಟಿಗೆ ತೂಗಿಸಿಕೊಂಡು ಓಡಿಹೋಗೋಣ ಅನ್ನಿಸಿತ್ತು.

ಆಗ ಬೀನ್ಸ್ ಮೂಟೆಯ ಒಳಗೆ ಕೈ ಹಾಕಿದೆ. ಯೋಚನೆ ಮಾಡಿ ಹಾಕಿದ್ದಲ್ಲ, ಮನೆಯ ಅಭ್ಯಾಸ. ಮೇಲಿನ ಕಾಯಿ ಮುರಿದರೆ ಟಕ್ ಅಂತು. ಅಡಿಯಿಂದ ತೆಗೆದದ್ದು ಬಾಗಿತೇ ಹೊರತು ಮುರಿಯಲಿಲ್ಲ, ಸಿಪ್ಪೆ ಮೇಲೆ ಕಾಳು ಉಬ್ಬಿತ್ತು, ನಾರು ಉದ್ದಕ್ಕೆ ಎಳೆದುಕೊಂಡು ಬಂತು. “ಇದು ಬಲಿತ ಕಾಯಿ, ಕಿತ್ತು ಮೂರು ನಾಲ್ಕು ದಿನ ಆಗಿದೆ. ಮೇಲಿರೋದರ ರೇಟು ಇದಕ್ಕೆ ಕೊಡಲ್ಲ” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವನು ಮುಖ ನೋಡಿ, “ಯಾವೂರಮ್ಮ?” ಅಂದ. “ಗುಂಡ್ಲುಪೇಟೆ ಕಡೆ, ನಾವೂ ಬೆಳೀತೀವಿ” ಅಂದೆ. ಬೇರೆ ಮೂಟೆ ಬಿಚ್ಚಿ ತೂಗಿದ. ನಮ್ಮ ಹೊಲದಲ್ಲಿ ಬೆನ್ನು ಬಗ್ಗಿಸಿ ಕಲಿತದ್ದು ಅಷ್ಟು ದೊಡ್ಡ ಊರಿನಲ್ಲೂ ನಡೆಯಿತು ನೋಡು. ಹಳ್ಳಿಯಿಂದ ಬರಿಗೈಯಲ್ಲಿ ಬಂದವಳು ನಾನು ಅಂದುಕೊಂಡಿದ್ದೆ, ಆ ಭಾವನೆ ಅವತ್ತಿಗೆ ಮುಗಿಯಿತು.

ತಿಂಗಳ ಕೊನೆಗೆ ಊಟದ ಹಾಲಿನಲ್ಲಿ ಎಲ್ಲರ ಮುಂದೆ ನಿಂತು ಲೆಕ್ಕ ಓದಬೇಕಿತ್ತು. ಫೈನಲ್ ಇಯರಿನ ಒಬ್ಬಳು ಎದ್ದು, “ಸಿಲಿಂಡರ್ ಒಂದು ಜಾಸ್ತಿ ಯಾಕೆ?” ಅಂದಳು. ವೋಚರ್ ತೆಗೆದು ತೋರಿಸಿದೆ. “ಹಬ್ಬದ ರಜೆಯಲ್ಲಿ ಡೆಲಿವರಿ ತಡವಾಗುತ್ತೆ ಅಂತ ಮೊದಲೇ ತರಿಸಿದ್ದು. ತುಂಬಿದ ಸಿಲಿಂಡರ್ ಸ್ಟೋರಿನಲ್ಲಿದೆ, ಮುಂದಿನ ತಿಂಗಳ ಖರ್ಚಿನಲ್ಲಿ ಅಷ್ಟು ಕಡಿಮೆ ಬರುತ್ತೆ” ಅಂದೆ. “ಸರಿ” ಅಂತ ಅವಳು ಕೂತಳು. ಚಪ್ಪಾಳೆ ಇಲ್ಲ, ಹೊಗಳಿಕೆ ಇಲ್ಲ. ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಅವಳು ಅದನ್ನು ಒಪ್ಪಿಕೊಂಡಳು. ಶಾಲೆಯಲ್ಲಿ ಗೆದ್ದ ಯಾವ ಬಹುಮಾನಕ್ಕೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಆಮೇಲೆ ಅಪ್ಪನ ಜೊತೆಗಿನ ಮಾತೂ ಬದಲಾಯಿತು. ಫೋನಿನಲ್ಲಿ “ಊಟ ಆಯ್ತಾ, ಓದ್ಕೊ” ಅಂತ ಎರಡು ಮಾತಿಗೆ ನಿಲ್ಲಿಸುತ್ತಿದ್ದವರು, “ಅಲ್ಲಿ ಬೀನ್ಸ್ ಏನು ರೇಟಮ್ಮ?” ಅಂತ ಕೇಳತೊಡಗಿದರು. ಮೈಸೂರಿನಲ್ಲಿ ನಾವು ಕೊಡುವ ರೇಟಿಗೂ ಅಪ್ಪನ ಕೈಗೆ ಸಿಗುವುದಕ್ಕೂ ಎಷ್ಟು ಅಂತರ ಅನ್ನುವುದನ್ನು ಇಬ್ಬರೂ ಸೇರಿ ಲೆಕ್ಕ ಹಾಕುತ್ತಿದ್ದೆವು. ಅದೇ ವರ್ಷದ ಕೊನೆಗೆ ದೊಡ್ಡಪ್ಪ ನಂಜನಗೂಡಿನ ಕಡೆಯಿಂದ ಗಂಡು ನೋಡಿಕೊಂಡು ಬಂದದ್ದು. ನೀನಿನ್ನೂ ಚಿಕ್ಕವಳು, ನಿನಗೆ ನೆನಪಿರಲಿಕ್ಕಿಲ್ಲ. ನಾನು ಅಳಲಿಲ್ಲ, ಅಮ್ಮನ ಕೈಯಲ್ಲಿ ಹೇಳಿಸಲೂ ಇಲ್ಲ. ರಾತ್ರಿ ಜಗಲಿಯ ಮೇಲೆ ಅಪ್ಪನ ಹತ್ತಿರ ಕೂತು, ಡಿಗ್ರಿ ಮುಗಿಯುವುದಕ್ಕೆ ಇನ್ನೆಷ್ಟು ಖರ್ಚು, ಸ್ಕಾಲರ್‌ಶಿಪ್ ಎಷ್ಟು ಬರುತ್ತದೆ, ಬಿ.ಎಡ್.ಗೆ ಎಷ್ಟು ಬೇಕು, ಕೆಲಸ ಸಿಕ್ಕಿದರೆ ಸಂಬಳ ಎಷ್ಟು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಅಪ್ಪ ಲೆಕ್ಕದ ಮನುಷ್ಯ. ಸುಮ್ಮನೆ ನೋಡಿದರು. ಬೆಳಿಗ್ಗೆ ದೊಡ್ಡಪ್ಪನಿಗೆ, “ಓದು ಮುಗೀಲಿ ಬಿಡಣ್ಣ” ಅಂದರು. ನಮ್ಮ ಅಪ್ಪನಿಗೆ ಹೆದರುವ ಕಾರಣ ಏನೂ ಇಲ್ಲ ಪುಟ್ಟಿ. ಅವರ ಎದುರು ವಿಷಯ ಇಟ್ಟುಕೊಂಡು ಮಾತಾಡಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ, ಅಷ್ಟೆ.

ಈಗ ನಿನ್ನ ಕ್ಲಾಸಿನ ವಿಚಾರ. ಇಂಗ್ಲಿಷ್ ಬರುತ್ತದೆ, ಯಾವ ಅನುಮಾನವೂ ಬೇಡ. ದಿನಾ ಓದುತ್ತಿದ್ದರೆ ಮೂರನೇ ಸೆಮಿಸ್ಟರಿನ ಹೊತ್ತಿಗೆ ಪುಸ್ತಕದ ಭಾಷೆ ಸಲೀಸಾಗುತ್ತದೆ. ಅಲ್ಲಿಯ ತನಕ ಬಾಯಿ ಮುಚ್ಚಿಕೊಂಡಿರಬೇಡ. “ಸರ್, ಕನ್ನಡದಲ್ಲಿ ಕೇಳಲಾ?” ಅಂತ ಕೇಳು. ಎಲೆಯ ಪತ್ರರಂಧ್ರಗಳು ಹಗಲು ತೆರೆದಿರುತ್ತವೆ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದಾಗ, ಹಾಗಿದ್ದರೆ ನಮ್ಮ ಬೇಲಿಯ ಪಾಪಾಸುಕಳ್ಳಿ ಬೇಸಿಗೆಯಲ್ಲಿ ಒಣಗಿಹೋಗಬೇಕಿತ್ತಲ್ಲ ಅಂತ ನಾನು ಕನ್ನಡದಲ್ಲೇ ಕೇಳಿದೆ. ಅವರು ಸೀಮೆಸುಣ್ಣ ಕೆಳಗಿಟ್ಟು, ಕಳ್ಳಿ ರಾತ್ರಿ ಹೊತ್ತು ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅದನ್ನು ಬಳಸುತ್ತದೆ ಅಂತ ಆ ಪೀರಿಯಡ್ ಪೂರ್ತಿ ಹೇಳಿದರು. ಆ ಪಾಠ ನನಗೆ ಇವತ್ತಿಗೂ ಮರೆತಿಲ್ಲ, ನನ್ನ ಮಕ್ಕಳಿಗೆ ಹೈಸ್ಕೂಲಿನಲ್ಲಿ ಹೇಳುವಾಗಲೂ ಬೇಲಿಯ ಕಳ್ಳಿಯಿಂದಲೇ ಶುರು ಮಾಡುತ್ತೇನೆ.

ಕೇಳುವ ಮಾತು ಬಂದಾಗೆಲ್ಲ ನನಗೆ ಕಮಲಾ ಸೊಹೊನಿ ನೆನಪಾಗುತ್ತಾರೆ. 1933ರಲ್ಲಿ, ಆಗಿನ್ನೂ ಕಮಲಾ ಭಾಗವತ್, ಬೊಂಬಾಯಿಯಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಕಮಲಾ ಸುಮ್ಮನಾಗದೆ ನೇರವಾಗಿ ಹೋಗಿ ವಾದಿಸಿದರು. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಇಟ್ಟುಕೊಳ್ಳುತ್ತೇವೆ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಗಂಡುಹುಡುಗರಿಗಿಲ್ಲದ ಆ ಷರತ್ತು ಅನ್ಯಾಯವೇ. ಹಾಕಿದವರು ರಾಮನ್ ಅನ್ನುವುದರಿಂದ ಅದು ನ್ಯಾಯ ಆಗುವುದಿಲ್ಲ. ಆ ವರ್ಷವನ್ನು ಅವರು ದಾಟಿದರು, ಅವರ ಹಿಂದೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಜಾಗ ಸಿಕ್ಕಿತು. ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ, ಸಸ್ಯಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಅಂತ ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಜೀವಕೋಶದ ಉಸಿರಾಟದ ಪಾಠದಲ್ಲಿ ಸೈಟೋಕ್ರೋಮ್ ಹೆಸರು ನಿನಗೆ ಬಂದೇ ಬರುತ್ತದೆ. ಬಂದಾಗ ಇವರನ್ನು ನೆನೆಸಿಕೋ.

ಸ್ಕಾಲರ್‌ಶಿಪ್ ಅರ್ಜಿಗೆ ಅಣ್ಣನನ್ನು ಕಳಿಸು ಅಂತ ಅಮ್ಮನಿಗೆ ಹೇಳಿದ್ದೀಯಂತೆ. ಬೇಡ, ಅದು ನಿನ್ನ ಕೆಲಸ. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ನಿಂತಿರುವುದು ನಿನ್ನ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ ಅಂತ. ಬ್ಯಾಂಕಿಗೆ ಪಾಸ್‌ಬುಕ್, ಆಧಾರ್, ಅವುಗಳ ಜೆರಾಕ್ಸ್ ತಗೊಂಡು ಹೋಗು. “ನನ್ನ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು” ಅಂತ ಇದೇ ಮಾತಿನಲ್ಲಿ ಹೇಳು, ಅವರಿಗೆ ತಕ್ಷಣ ತಿಳಿಯುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇರೆ ಹಾಳೆಯಲ್ಲಿ ಬರೆದಿಟ್ಟುಕೋ. ಅಂಕಪಟ್ಟಿಯ ಇ-ದೃಢೀಕರಣ ಕಾಲೇಜಿನಲ್ಲೇ ಆಗುತ್ತದೆ. ಸರ್ಕಾರಿ ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆಯಲ್ಲ, ಅದನ್ನೂ ಬಿಡಬೇಡ. ಕೌಂಟರಿನಲ್ಲಿ “ನಾಳೆ ಬಾ” ಅಂದರೆ ತಲೆಯಾಡಿಸಿ ಬಂದುಬಿಡಬೇಡ. “ನಾಳೆ ಎಷ್ಟು ಹೊತ್ತಿಗೆ ಬರಲಿ ಸರ್, ಇನ್ನೇನಾದರೂ ತರಬೇಕಾ?” ಅಂತ ಅಲ್ಲೇ ನಿಂತು ಕೇಳು. ಈ ಒಂದು ಪ್ರಶ್ನೆಯಿಂದ ನನಗೆ ಎಷ್ಟೋ ಓಡಾಟ ಉಳಿದಿದೆ.

ಬಸ್ಸಿನಲ್ಲೋ ಲ್ಯಾಬಿನಲ್ಲೋ ಯಾರಾದರೂ ಅಸಹ್ಯವಾಗಿ ನಡೆದುಕೊಂಡರೆ ಮಾತ್ರ ಒಬ್ಬಳೇ ನಿಭಾಯಿಸಲು ಹೋಗಬೇಡ. ಅಲ್ಲೇ ಜೋರಾಗಿ ಹೇಳು, 112ಕ್ಕೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾಗಿದ್ದರೂ ನನ್ನನ್ನು ಎಬ್ಬಿಸು.

ಇನ್ನು ಬಸ್ಸಿನ ವಿಷಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ನನಗೆ ಮೊದಲು ನೆನಪಾದದ್ದು ನೀನು. ನನ್ನ ಕಾಲದಲ್ಲಿ ಊರಿಗೆ ಬಂದು ಹೋಗುವ ಚಾರ್ಜಿಗೂ ಅಪ್ಪನ ಮುಖ ನೋಡಬೇಕಿತ್ತು, ನಿನಗೆ ಆ ಸಂಕಟ ಇರುವುದಿಲ್ಲ ಅಂತ ಖುಷಿಪಟ್ಟೆ. ನೀನು ಅದೇ ಜೀರೋ ಟಿಕೆಟ್ ಹಿಡಿದುಕೊಂಡು ಪ್ರತಿ ಶನಿವಾರ ಮಧ್ಯಾಹ್ನ ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದೀಯ. ಸೋಮವಾರ ಬೆಳಿಗ್ಗೆ ಹಿಂತಿರುಗುವಾಗ ಮತ್ತೆ ಮೊದಲ ದಿನದ ಹಾಗೇ ಅಳು. ಹೀಗಾದರೆ ಮೈಸೂರು ನಿನ್ನ ಊರಾಗುವುದು ಯಾವಾಗ? ಈ ಶನಿವಾರ ಬರಬೇಡ. ಅಮ್ಮನಿಗೆ ಬೇಸರವಾಗುತ್ತದೆ, ನಾನು ಸಮಾಧಾನ ಹೇಳುತ್ತೇನೆ.

ಸಿಟಿ ಬಸ್ಸೂ ನಿನಗೆ ಫ್ರೀ ಅಲ್ಲವೇ? ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆ. ಕಾಲೇಜ್ ಲೈಬ್ರರಿಯಲ್ಲಿ ಮಧ್ಯಾಹ್ನದ ತನಕ ಕೂರು. ಸಂಜೆ ರಂಗಾಯಣದಲ್ಲಿ ನಾಟಕ ಇದ್ದರೆ ನೋಡಿಕೊಂಡು ಬಾ. ಬಿ.ವಿ. ಕಾರಂತರು ಕಟ್ಟಿದ ಜಾಗ ಅದು. ಒಬ್ಬಳೇ ಕೂತು ನಾಟಕ ನೋಡುವುದು ಮೊದಲು ಮುಜುಗರ ಅನ್ನಿಸುತ್ತದೆ, ದೀಪ ಆರಿದ ಮೇಲೆ ಯಾರೂ ನಿನ್ನನ್ನು ನೋಡುತ್ತಿರುವುದಿಲ್ಲ. ಪಿ.ಜಿ.ಯ ಗೇಟ್ ಟೈಮ್ ಮೊದಲೇ ವಿಚಾರಿಸಿ, ತಡವಾಗುತ್ತದೆ ಅಂತ ಬರೆದುಕೊಟ್ಟು ಹೋಗು. ರೂಮಿನ ಹುಡುಗಿಯನ್ನೂ ಒಂದು ಸಲ ಕರೆದು ನೋಡು. ಗೋಡೆ ಕಡೆ ತಿರುಗಿ ಮಲಗುವವಳು ಅವಳ ಊರಿನ ಬಸ್ಸನ್ನೇ ನೆನೆಸಿಕೊಳ್ಳುತ್ತಿರಬಹುದು.

ನಿನ್ನ ಫೋನಿಗೆ 500 ರೂಪಾಯಿ ಹಾಕಿದ್ದೇನೆ, ನಾಟಕಕ್ಕೂ ಜೆರಾಕ್ಸಿಗೂ ಆಗುತ್ತದೆ. ಬ್ಯಾಂಕಿಗೆ ಮಂಗಳವಾರ ಹೋಗು, ಸೋಮವಾರ ರಶ್ ಇರುತ್ತದೆ. ಏನಂದರು ಅಂತ ಅವತ್ತು ರಾತ್ರಿಯೇ ತಿಳಿಸು, ಎಂಟರ ಮೇಲೆ ನಾನು ಬಿಡುವಾಗಿರುತ್ತೇನೆ.

ನಿನ್ನ
ಅಕ್ಕ