ಐದು ಆಲ್ಬಂ, ನಾನೂರು ಕಿಲೋಮೀಟರ್

‘ನಿನ್ನ ಆಲ್‌ಟೈಮ್ ಫೇವರಿಟ್ ಐದು ಆಲ್ಬಂ ಯಾವುವು?’ ಅಂತ ಯಾರಾದರೂ ಕೇಳಿದರೆ ನಮ್ಮ ವಯಸ್ಸಿನವರು ತಬ್ಬಿಬ್ಬಾಗ್ತೀವಿ. ಹಾಡು ಅಂದ್ರೆ ಐವತ್ತು ಹೇಳಬಹುದು. ಆಲ್ಬಂ? ನಮಗೆ ಅಭ್ಯಾಸ ಇರೋದು ಪ್ಲೇಲಿಸ್ಟ್. ಹತ್ತು ಸೆಕೆಂಡಲ್ಲಿ ಹಿಡಿಸದಿದ್ರೆ ಬೆರಳು ತಾನಾಗೇ ಮುಂದಿನ ಹಾಡಿಗೆ ಹೋಗುತ್ತೆ.

ಅಪ್ಪನ ಕಾಲ ಹಾಗಿರಲಿಲ್ಲ. ಸಿ-60 ಕ್ಯಾಸೆಟ್ ಅಂದ್ರೆ ಒಂದು ಬದಿಗೆ 30 ನಿಮಿಷ. ಬೇಡದ ಹಾಡು ದಾಟಿಸಬೇಕಾದ್ರೆ ಫಾಸ್ಟ್ ಫಾರ್ವರ್ಡ್ ಒತ್ತಿ, ಅಂದಾಜಿನ ಮೇಲೆ ನಿಲ್ಲಿಸಬೇಕು. ಅದಕ್ಕಿಂತ ಕೇಳಿಬಿಡೋದೇ ಸುಲಭ. ‘ಹಾಗೆ ಕೇಳಿ ಕೇಳಿಯೇ ಎಷ್ಟೋ ಹಾಡು ಇಷ್ಟ ಆಗಿದ್ದು’ ಅಂತಾರೆ ಅಪ್ಪ.

ನಮ್ಮನೇಲಿ ಈ ಪಟ್ಟಿ ಶುರುವಾಗಿದ್ದು ಒಂದು ಕಿವಿ ಪರೀಕ್ಷೆಯಿಂದ. ಅಪ್ಪನಿಗೆ ಈಗ 66. ಟಿವಿ ಸೌಂಡ್ ಜಾಸ್ತಿ ಆಗ್ತಾ ಬಂದು, ಅಮ್ಮ ಮಾತಾಡಿದ್ದಕ್ಕೆ ‘ಏನಂದೆ?’ ಅನ್ನೋದು ದಿನದ ಮಾತಾದ ಮೇಲೆ ಆಡಿಯೊಗ್ರಾಂ ಮಾಡಿಸಿದ್ವಿ. ಗ್ರಾಫ್ ಎಡಗಡೆ ಪರವಾಗಿಲ್ಲ, ಬಲಗಡೆಗೆ ಹೋಗ್ತಾ ಜಾರುಬಂಡೆ. ವಯಸ್ಸಿನ ಜೊತೆ ಮೊದಲು ಮಾಸೋದು ಎತ್ತರದ ಫ್ರೀಕ್ವೆನ್ಸಿಗಳು. ಸ, ಶ, ಫ ಥರದ ಅಕ್ಷರಗಳು ಇರೋದು ಅಲ್ಲೇ. ಅದಕ್ಕೇ ದನಿ ಕೇಳಿಸುತ್ತೆ, ಮಾತು ಬಿಡಿಸಿ ತಿಳಿಯಲ್ಲ.

ಮುಂದಿನ ತಿಂಗಳು ಹಿಯರಿಂಗ್ ಏಡ್ ಅಂತ ತೀರ್ಮಾನವಾಯ್ತು. ಆ ಯಂತ್ರಗಳನ್ನು ಮುಖ್ಯವಾಗಿ ಮಾತಿಗೆ ಅಂತ ರೂಪಿಸಿರ್ತಾರೆ, ಸಂಗೀತ ಮೊದಮೊದಲು ಬೇರೆ ಥರ ಕೇಳಿಸಬಹುದು, ಅದಕ್ಕೆ ಬೇರೆ ಸೆಟ್ಟಿಂಗ್ ಮಾಡಿಕೊಡ್ತೀವಿ ಅಂದ್ರು ಆಡಿಯೊಲಜಿಸ್ಟ್. ಅಪ್ಪ ಮನೆಗೆ ಬಂದವರೇ, ‘ಅದಕ್ಕೆ ಮುಂಚೆ ಈ ಕಿವೀಲೇ ಒಂದ್ಸಲ ಎಲ್ಲಾ ಕೇಳಿಬಿಡ್ತೀನಿ ಕಣೇ. ಶಿಶುನಾಳಕ್ಕೆ ಹೋಗಿಬರೋಣ’ ಅಂದ್ರು. ಮೂರು ದಿನ ರಜೆ ಹಾಕಿದೆ.

ನಿಯಮ ಮೂರೇ. ಪಟ್ಟಿ ಇಬ್ಬರದ್ದೂ ಸೇರಿ. ಆಲ್ಬಂ ಪೂರ್ತಿ ಕೇಳಬೇಕು, ಹಾಡು ದಾಟಿಸೋ ಹಾಗಿಲ್ಲ. ಇಬ್ಬರೂ ಒಪ್ಪಿದ್ರೆ ಮಾತ್ರ ಸೇರಿಸೋದು.

<b>ತುಮಕೂರಿನವರೆಗೆ: ನಿತ್ಯೋತ್ಸವ</b>

ಬೆಳಗ್ಗೆ ಐದೂವರೆಗೆ ಹೊರಟ್ವಿ. ನೆಲಮಂಗಲ ದಾಟಿ ರಸ್ತೆ ಖಾಲಿಯಾದ ಮೇಲೆ ಮೊದಲನೇದು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದ್ದು, ಸಂಗೀತ ಮೈಸೂರು ಅನಂತಸ್ವಾಮಿಯವರದ್ದು. ಆವರೆಗೆ ಪುಸ್ತಕದಲ್ಲಿ, ಕ್ಲಾಸ್‌ರೂಮಿನಲ್ಲಿ ಇದ್ದ ಕವಿತೆ ಅಡುಗೆಮನೆಗೆ ಬಂದಿದ್ದು ಇಂಥ ಕ್ಯಾಸೆಟ್ಟುಗಳಿಂದ. ಬರೆದವರು ವೃತ್ತಿಯಿಂದ ಭೂವಿಜ್ಞಾನದ ಮೇಷ್ಟ್ರು ಅನ್ನೋದು ನನಗೆ ಯಾವತ್ತೂ ಖುಷಿ ಕೊಡೋ ವಿಷಯ. ಇಂಜಿನಿಯರಿಂಗ್ ಓದಿದವರಿಗೂ ಒಂದು ಆಸೆ ಇರ್ಲಿ ಅಂತ!

ಅಪ್ಪನಿಗೆ ಈ ಹಾಡುಗಳ ಪದ ಕೇಳಿಸಬೇಕಾಗೇ ಇಲ್ಲ, ಬಾಯಿಪಾಠ. ತುಟಿ ಆಡಿಸ್ತಾ ಕೂತಿದ್ರು. ಚರ್ಚೆಯೇ ಇಲ್ಲದೆ ನಂಬರ್ ಒಂದು.

<b>ಹಿರಿಯೂರಿನ ಆಚೆ: ಡಾರ್ಕ್ ಸೈಡ್ ಆಫ್ ದಿ ಮೂನ್</b>

ಇದು ನನ್ನ ಹಾಸ್ಟೆಲ್ ದಿನಗಳ ಆಲ್ಬಂ. ಪಿಂಕ್ ಫ್ಲಾಯ್ಡ್, 1973, ಸುಮಾರು 43 ನಿಮಿಷ. ಹಾಡುಗಳು ಒಂದರೊಳಗೊಂದು ಬೆಸೆದುಕೊಂಡಿವೆ, ಬಿಡಿಸಿ ಕೇಳಿದ್ರೆ ಅರ್ಧ ಮಜಾ ಹೋಗುತ್ತೆ. ಆಲ್ಬಂ ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದೇ ಇದರಿಂದ.

ಹೈವೇ ಪಕ್ಕದ ಹೋಟೆಲ್ ಮುಂದೆ ಕಾರ್ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹಾಕಿದೆ. ಶುರುವಾಗೋದೇ ಎದೆಬಡಿತದ ಸದ್ದಿನಿಂದ. ನಾನು ಇನ್ನೂ ಸೀಟ್ ಸರಿಮಾಡ್ಕೊಳ್ತಿದ್ದೆ, ಅಪ್ಪನಿಗೇ ಮೊದಲು ಕೇಳಿಸಿತು. ‘ಇದೇನೇ, ಎದೆ ಹೊಡ್ಕೊಳ್ತಿದೆ?’ ಕೆಳಗಿನ ಫ್ರೀಕ್ವೆನ್ಸಿ ಅವರಿಗೆ ಇನ್ನೂ ಗಟ್ಟಿ. ಆಮೇಲೆ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸೋ ಜಾಗ ಬರುತ್ತೆ. ದೊಡ್ಡ ಗಂಟೆಗಳಿಗೆ ತಲೆಯಾಡಿಸಿದರು. ಟಿಕ್ ಟಿಕ್ ಕೇಳಿಸ್ತಾ ಅಂದೆ. ‘ಇತ್ತಾ?’ ಅಂದ್ರು.

ಇಂಗ್ಲಿಷ್ ಹಾಡು, ಪದ ಎಲ್ಲರಿಗೂ ಅಷ್ಟಕ್ಕಷ್ಟೇ. ‘ಇದ್ರಲ್ಲಿ ನಂಗೂ ನಿಂಗೂ ಜಾಸ್ತಿ ವ್ಯತ್ಯಾಸ ಇಲ್ಲ ಬಿಡು’ ಅಂತ ಅಪ್ಪನೇ ಓಟು ಹಾಕಿದ್ರು. ನಂಬರ್ ಎರಡು.

<b>ದಾವಣಗೆರೆ: ಮುಂಗಾರು ಮಳೆ</b>

ಬೆಣ್ಣೆದೋಸೆ ತಿಂದು ಹೊರಟಾಗ ನಾನು ಗೆದ್ದೇ ಗೆಲ್ತೀನಿ ಅಂತ ಹಾಕಿದ್ದು ‘ಮುಂಗಾರು ಮಳೆ’. 2006ರಲ್ಲಿ ನಾನು ಮಿಡ್ಲ್ ಸ್ಕೂಲು. ಮನೋಮೂರ್ತಿ ಸಂಗೀತ, ಕೆಲವು ಹಾಡಿಗೆ ಜಯಂತ ಕಾಯ್ಕಿಣಿ ಸಾಹಿತ್ಯ. ಆ ವರ್ಷ ಎಲ್ಲರ ಮನೇಲೂ ಇದೇ, ನಮ್ಮ ಅಪ್ಪನೂ ಸ್ಟೀರಿಂಗ್ ಮೇಲೆ ತಾಳ ಹಾಕ್ತಿದ್ರು.

ಎರಡು ಹಾಡು ಮುಗೀತು. ಅಪ್ಪ ಕಿಟಕಿ ಕಡೆ ನೋಡ್ತಾ ಹೇಳಿದರು: ‘ಚೆನ್ನಾಗಿದೆ. ಆದ್ರೆ ಪದ ಒಂದೂ ಸಿಗ್ತಿಲ್ಲ ಕಣೇ. ನೀರಿನೊಳಗೆ ಹಾಡಿದಂಗಿದೆ.’

ಮೆಲುದನಿ, ಹಿಂದೆ ತುಂಬಿಕೊಂಡ ವಾದ್ಯಗಳು, ಜೊತೆಗೆ ಟೈರಿನ ಸದ್ದು. ಆಡಿಯೊಗ್ರಾಂ ನೋಡಿದಾಗ ಬರದಿದ್ದ ಸಂಕಟ ರಾಣೆಬೆನ್ನೂರಿನ ಹತ್ತಿರ ಬಂತು. ವಾಲ್ಯೂಮ್ ಏರಿಸಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಪೂರ್ತಿ ಕೇಳಬೇಕು ಅನ್ನೋದು ನಿಯಮ, ಪೂರ್ತಿ ಕೇಳಿದ್ವಿ. ಪಟ್ಟಿಗೆ ಸೇರಿಸಲಿಲ್ಲ. ಇಬ್ಬರೂ ಮಾತಾಡಲೂ ಇಲ್ಲ.

<b>ಶಿಶುನಾಳ: ಸಂತ ಶಿಶುನಾಳ ಶರೀಫ</b>

ಶಿಗ್ಗಾವಿ ತಾಲ್ಲೂಕಿನ ಸಣ್ಣ ಊರು. ಹೈವೇ ಬಿಟ್ಟ ಮೇಲೆ ಎರಡೂ ಕಡೆ ಹೊಲ. ಶರೀಫರು (1819–1889) ಹುಟ್ಟಿದ್ದು, ಗದ್ದುಗೆ ಇರೋದು ಇಲ್ಲೇ. ಕಳಸದ ಗೋವಿಂದ ಭಟ್ಟರನ್ನು ಗುರು ಅಂತ ಒಪ್ಪಿಕೊಂಡ ಮುಸ್ಲಿಂ ಮನೆತನದ ಹುಡುಗ. ಇವತ್ತಿಗೂ ಎರಡೂ ಧರ್ಮದವರು ಬಂದು ಕೈಮುಗೀತಾರೆ.

1990ರ ನಾಗಾಭರಣರ ಸಿನಿಮಾಕ್ಕೆ ಸಿ. ಅಶ್ವತ್ಥ್ ಮಾಡಿದ ಹಾಡುಗಳನ್ನು ದಾರಿಯಲ್ಲೇ ಕೇಳಿಕೊಂಡು ಬಂದಿದ್ವಿ. ಅಶ್ವತ್ಥ್ ದನಿ ಎದುರು ಅಪ್ಪನ ಕಿವಿ ಸೋಲಲಿಲ್ಲ. ಅಷ್ಟು ತೆರೆದ ಗಂಟಲು. ನಾನು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಪರವಾಗಿ ವಾದ ಮಾಡಿದೆ, ಅದರಲ್ಲೂ ಶರೀಫರಿದ್ದಾರೆ, ಗಿಟಾರ್ ಜೊತೆಗೆ. ನನ್ನ ಎಷ್ಟೋ ಗೆಳೆಯರು ಶರೀಫರನ್ನು ಕೇಳಿದ್ದೇ ಹಾಗೆ. ‘ಅದೂ ಸರಿನೇ, ಆದ್ರೆ ನಂಬರ್ ಇರೋದು ಐದೇ’ ಅಂದ್ರು ಅಪ್ಪ.

ಗದ್ದುಗೆಯ ಹತ್ತಿರ ಒಬ್ಬ ಅಜ್ಜ ಕೂತಿದ್ದರು. ‘ಎಲ್ಲಿಂದ ಬಂದೀರಿ? ಕುಂದ್ರಿ’ ಅಂದ್ರು. ಅಪ್ಪ ಒಂದು ತತ್ವಪದ ಹಾಡ್ತೀರಾ ಅಂತ ಕೇಳಿದ್ದೇ ತಡ, ತಾಳ ತಗೊಂಡು ಶುರುಮಾಡಿದ್ರು. ಅಪ್ಪ ಎದುರಿಗೇ ಕೂತು ಅವರ ಬಾಯಿ ನೋಡ್ತಾ ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ಒಂದಕ್ಷರ ಬಿಟ್ಟುಹೋಗಿಲ್ಲ ನೋಡು’ ಅಂದರು. ತಾಳದ ಕಿಣಿ ಕಿಣಿ ಅವರಿಗೆ ಎಷ್ಟು ಕೇಳಿಸಿತೋ ನಾನು ಕೇಳಲಿಲ್ಲ. ನಂಬರ್ ಮೂರು.

<b>ಕುಂದಗೋಳ: ದಾಸವಾಣಿ</b>

ಅಲ್ಲಿಂದ ಹುಬ್ಬಳ್ಳಿಗೆ ಕುಂದಗೋಳದ ಮೇಲೆ ಹೋದ್ವಿ. ಕ್ಯಾಸೆಟ್ಟಿಗೂ ಮುಂಚಿನ ಕಾಲದ ಒಂದು ಕಥೆ ಈ ಊರಿಗೆ ಸೇರಿದ್ದು. ಗದಗದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡ್ ಕೇಳಿದ. 78 ಆರ್‌ಪಿಎಂ ತಟ್ಟೆ, ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟಕ್ಕೇ ಹುಚ್ಚು ಹಿಡಿದು, ಹನ್ನೊಂದನೇ ವಯಸ್ಸಿಗೆ ಗುರು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಅಂತ ಉತ್ತರದಲ್ಲೆಲ್ಲ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಮನೆಯಿಂದ ಬಹಳ ದೂರವೇನಲ್ಲದ ಕುಂದಗೋಳದಲ್ಲಿ. ಅವರು ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತ ಗಂಗೂಬಾಯಿ ಹಾನಗಲ್ ಅವರಿಗೂ ಇವರೇ ಗುರು.

ಅಲ್ಲಿನ ನಾಡಿಗೇರ ವಾಡೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ವಿ. ಮೂರು ನಿಮಿಷದ ಒಂದು ತಟ್ಟೆ ಒಬ್ಬರ ಇಡೀ ಜೀವನ ತಿರುಗಿಸಬಹುದಾದ್ರೆ ಫೇವರಿಟ್ ಪಟ್ಟಿ ಮಾಡೋದು ಅಷ್ಟೇನೂ ಕೆಲಸಕ್ಕೆ ಬಾರದ ಕೆಲಸ ಅಲ್ಲ ಅನ್ನಿಸಿತು. ಭೀಮಸೇನರ ‘ದಾಸವಾಣಿ’ ಹಾಕಿಕೊಂಡೇ ಹುಬ್ಬಳ್ಳಿ ಸೇರಿದ್ವಿ. ನಂಬರ್ ನಾಲ್ಕು.

ರಾತ್ರಿ ಲಾಡ್ಜಿನಲ್ಲಿ ಫೋನಿನ ನೋಟ್ಸಿಗೆ ನಾಲ್ಕೂ ಟೈಪ್ ಮಾಡಿ, ಐದನೇದು ಏನಪ್ಪಾ ಅಂದೆ. ಎರಡು ಸಲ ಹೇಳಬೇಕಾಯ್ತು.

‘ಆ ಮಳೆ ಹಾಡು ಬರಕೋ’ ಅಂದರು.

‘ಪದ ಸಿಗ್ತಿಲ್ಲ ಅಂದ್ರಲ್ಲ?’

‘ಇವತ್ತು ಸಿಗ್ಲಿಲ್ಲ. ಮುಂದಿನ ತಿಂಗಳು ಮಿಷನ್ ಹಾಕ್ಕೊಂಡು ಮೊದಲು ಅದನ್ನೇ ಕೇಳ್ತೀನಿ. ಆಮೇಲೆ ತೆಗೀಬೇಕಾ ಇಡಬೇಕಾ ನೋಡೋಣ.’

ಐದನೇ ಸಾಲಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟಿದ್ದೀನಿ. ನೀವೂ ಮನೇಲಿ ಅಪ್ಪನದ್ದೋ ಅಮ್ಮನದ್ದೋ ಐದು ಯಾವುದು ಅಂತ ಕೇಳಿ. ಪಟ್ಟಿ ಬರೆದುಕೊಂಡು ಸುಮ್ಮನಾಗಬೇಡಿ, ಪಕ್ಕದಲ್ಲಿ ಕೂತು ಒಂದನ್ನಾದರೂ ಪೂರ್ತಿ ಕೇಳಿ.