ಟೆಲಿಗ್ರಾಫ್ ರಸ್ತೆಯಲ್ಲಿ ರಾಕ್ ಮಾರಿದ ದಿನಗಳು

1982ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಟೆಲಿಗ್ರಾಫ್ ಅವೆನ್ಯೂದ ಒಂದು ರೆಕಾರ್ಡ್ ಅಂಗಡಿಗೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ರಾಕ್ ಸಂಗೀತಕ್ಕೆ ಜಾತಿ ಇರಲಿಲ್ಲ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಒಂದೇ ಉದ್ದನೆಯ ಸಾಲು. ಜರ್ನಿಯ ಹಿಂದೆ ಜಾಯ್ ಡಿವಿಷನ್, ಅದರ ಹಿಂದೆ ಜೂಡಾಸ್ ಪ್ರೀಸ್ಟ್. ಈ ಮೂರನ್ನು ಕೇಳುವವರ ನಡುವೆ ಎಣ್ಣೆ ಸೀಗೆಕಾಯಿ ಸಂಬಂಧ. ರೆಕಾರ್ಡುಗಳು ಮಾತ್ರ ಒಂದಕ್ಕೊಂದು ಆತುಕೊಂಡು ನಿಂತಿದ್ದವು. 1992ರಲ್ಲಿ ನಾನು ಆ ಕೆಲಸ ಬಿಡುವ ಹೊತ್ತಿಗೆ ಅದೇ ಗೋಡೆಯ ಮೇಲೆ ಹೆವಿ ಮೆಟಲ್, ಥ್ರ್ಯಾಶ್, ಪಂಕ್, ನ್ಯೂ ವೇವ್, ಕಾಲೇಜ್ ರಾಕ್ ಎಂದು ಬೇರೆ ಬೇರೆ ಕಾರ್ಡುಗಳಿದ್ದವು. ಎಲ್ಲೂ ಸೇರದೆ ಉಳಿದದ್ದಕ್ಕೆ ಬರೀ ‘ರಾಕ್’ ಎಂದು ಹೆಸರು. ಆ ಕಾರ್ಡುಗಳಲ್ಲಿ ಹೆಚ್ಚಿನವನ್ನು ಬರೆದವನು ನಾನೇ. ಅಂಗಡಿಯಲ್ಲಿ ನನ್ನ ಅಕ್ಷರ ದುಂಡಗಿತ್ತು ಎಂಬುದು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ.

ಮೈಸೂರಿನಿಂದ ಅಕ್ಕ–ಭಾವನ ಮನೆಗೆ ಬಂದಿದ್ದ ನನಗೆ ಇಂಗ್ಲಿಷ್ ಹಾಡು ಅಂದರೆ ಬೀಟಲ್ಸ್, ಅಷ್ಟೇ. ಅಂಗಡಿಯ ಯಜಮಾನ ಅದನ್ನೇ ಯೋಗ್ಯತೆ ಎಂದು ತಿಳಿದ. “ನಿನಗೆ ಯಾವ ಬ್ಯಾಂಡೂ ಗೊತ್ತಿಲ್ಲ, ಆದ್ದರಿಂದ ಗಿರಾಕಿಗಳ ಜೊತೆ ಜಗಳ ಆಡುವುದಿಲ್ಲ” ಎಂದ. ಅಲ್ಲಿದ್ದ ಮಿಕ್ಕ ಹುಡುಗರೆಲ್ಲ ಜಗಳಗಂಟರೇ. ಕೈಲಿ ಫಾರಿನರ್ ಬ್ಯಾಂಡಿನ ರೆಕಾರ್ಡು ಹಿಡಿದು ಗಲ್ಲಾದ ಹತ್ತಿರ ಬಂದವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಡುವುದು ಅವರ ಪದ್ಧತಿ.

ಮೊದಲ ಕಾರ್ಡು, ‘ನ್ಯೂ ವೇವ್’, ಬಂದದ್ದು ಟೀವಿಯಿಂದ. ಎಂಟೀವಿ ಶುರುವಾದದ್ದು 1981ರ ಆಗಸ್ಟ್ 1ರಂದು. ದಿನವಿಡೀ ಹಾಡಿನ ವಿಡಿಯೊಗಳನ್ನೇ ಹಾಕಬೇಕಾದ ಚಾನೆಲ್ಲಿಗೆ ವಿಡಿಯೊಗಳೇ ಸಾಲುತ್ತಿರಲಿಲ್ಲ. ಅಮೆರಿಕದ ದೊಡ್ಡ ಬ್ಯಾಂಡುಗಳಲ್ಲಿ ಹೆಚ್ಚಿನವು ಊರೂರು ಸುತ್ತಿ ಕಛೇರಿ ಮಾಡುತ್ತಿದ್ದವೇ ಹೊರತು ವಿಡಿಯೊ ಮಾಡಿರಲಿಲ್ಲ. ಬ್ರಿಟನ್ನಿನ ಹೊಸ ಹುಡುಗರು ಮಾಡಿಟ್ಟುಕೊಂಡಿದ್ದರು. ಹಾಗಾಗಿ ಡ್ಯುರಾನ್ ಡ್ಯುರಾನ್, ಹ್ಯೂಮನ್ ಲೀಗ್, ಎ ಫ್ಲಾಕ್ ಆಫ್ ಸೀಗಲ್ಸ್ ಇವರದ್ದೇ ದರ್ಬಾರು. ರೇಡಿಯೊದಲ್ಲಿ ಒಮ್ಮೆಯೂ ಬಾರದ ಹಾಡನ್ನು ಕೇಳಿಕೊಂಡು ಕೇಬಲ್ ಇದ್ದ ಮನೆಯ ಹುಡುಗಿಯರು ಅಂಗಡಿಗೆ ಬರತೊಡಗಿದರು. ಹೆಸರು ಗೊತ್ತಿಲ್ಲದಿದ್ದರೆ ಹಾಡುಗಾರನ ತಲೆಗೂದಲಿನ ವರ್ಣನೆ. ಡ್ಯುರಾನ್ ಡ್ಯುರಾನಿನ ‘ಹಂಗ್ರಿ ಲೈಕ್ ದ ವುಲ್ಫ್’ ಚಿತ್ರೀಕರಣವಾದದ್ದು ಶ್ರೀಲಂಕಾದಲ್ಲಿ. ಅದನ್ನು ಕಂಡವರೆಲ್ಲ ನನ್ನನ್ನು “ಇದು ನಿಮ್ಮೂರಾ?” ಎಂದು ಕೇಳುವವರೇ. ಮೈಸೂರಿನಲ್ಲಿ ಆನೆ ಇರುವುದು ನಿಜ, ಡ್ಯುರಾನ್ ಡ್ಯುರಾನ್ ಇಲ್ಲ ಎನ್ನುವ ಉತ್ತರ ನನಗೆ ಬಾಯಿಪಾಠವಾಗಿತ್ತು.

ಇವರ ಸದ್ದೇ ಬೇರೆ. ಗಿಟಾರು ಹಿಂದಕ್ಕೆ ಸರಿದು ಸಿಂಥಸೈಜರ್ ಮುಂದಕ್ಕೆ ಬಂದಿತ್ತು. ತಾಳ ಎಷ್ಟೋ ಸಲ ಯಂತ್ರದ್ದು. ಲಯ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಮನುಷ್ಯರು ಬಾರಿಸಿದ ಡ್ರಮ್ಮಿಗೂ ಆಗ ಒಂದು ಹೊಸ ಸ್ವರೂಪ ಬಂತು: ಏಟು ದೊಡ್ಡ ಕೋಣೆಯಲ್ಲಿ ಮೊಳಗಿದ ಹಾಗೆ ಎದ್ದು, ಮೊಳಗು ಪೂರಾ ಮುಗಿಯುವ ಮೊದಲೇ ಕತ್ತರಿಸಿದಂತೆ ನಿಲ್ಲುತ್ತದೆ. ಫಿಲ್ ಕಾಲಿನ್ಸ್‌ನ 1981ರ ‘ಇನ್ ದಿ ಏರ್ ಟುನೈಟ್’ ಕೇಳಿದವರಿಗೆ ಗೊತ್ತಿರುತ್ತದೆ. ಆ ಡ್ರಮ್ಮು ಆಮೇಲೆ ದಶಕದ ಅರ್ಧಕ್ಕರ್ಧ ರೆಕಾರ್ಡುಗಳಿಗೆ ಅಂಟಿಕೊಂಡಿತು. ಇವತ್ತು ಯಾವುದಾದರೂ ಹಾಡು ಎಂಬತ್ತರ ದಶಕದ್ದೋ ಅಲ್ಲವೋ ಎಂದು ನಾನು ಹೇಳುವುದು ರಾಗ ಕೇಳಿ ಅಲ್ಲ, ಆ ಏಟು ಕೇಳಿ.

ಈ ವಿಂಗಡಣೆ ಎಷ್ಟು ಗಟ್ಟಿಯಾಗಿದೆ ಎಂದು ನನಗೆ ಮನವರಿಕೆಯಾದದ್ದು 1983ರ ಮೇ ತಿಂಗಳ ಕೊನೆಯಲ್ಲಿ. ಆ್ಯಪಲ್ ಕಂಪನಿಯ ಸ್ಟೀವ್ ವಾಜ್ನಿಯಾಕ್ ತಮ್ಮ ದುಡ್ಡು ಹಾಕಿ ಲಾಸ್ ಏಂಜಲೀಸ್‌ನ ಆಚೆ, ಸ್ಯಾನ್ ಬರ್ನಾರ್ಡಿನೊ ಹತ್ತಿರದ ಬಯಲಿನಲ್ಲಿ ‘ಅಸ್ ಫೆಸ್ಟಿವಲ್’ ನಡೆಸಿದರು. (ಅರ್ಧಕ್ಕೆ ಬಿಟ್ಟ ಡಿಗ್ರಿ ಮುಗಿಸಲು ಅವರು ಬೇರೆ ಹೆಸರಿನಲ್ಲಿ ನಮ್ಮ ಬರ್ಕ್ಲಿಯಲ್ಲೇ ತರಗತಿಗೆ ಹೋಗುತ್ತಿದ್ದರಂತೆ, ನಮ್ಮ ಅಂಗಡಿಗೂ ಬಂದಿದ್ದರೋ ಏನೋ, ಯಾರಿಗೆ ಗೊತ್ತು.)  ಅಲ್ಲಿ ಸಂಪೂರ್ಣ ಪಂಕ್ತಿಭೇದ. ಶನಿವಾರ ನ್ಯೂ ವೇವ್ ದಿನ, ಭಾನುವಾರ ಹೆವಿ ಮೆಟಲ್ ದಿನ, ಸೋಮವಾರ ರಾಕ್ ದಿನ, ಮುಂದಿನ ಶನಿವಾರ ಕಂಟ್ರಿ. ನಾವು ಅಂಗಡಿಯ ಹುಡುಗರು ಹಳೆಯ ವ್ಯಾನಿನಲ್ಲಿ ರಾತ್ರಿಯಿಡೀ ಓಡಿಸಿಕೊಂಡು ಭಾನುವಾರಕ್ಕೆ ಹೋಗಿ ಬಿದ್ದೆವು. ಶನಿವಾರದ್ದನ್ನು ಮುಗಿಸಿ ವಾಪಸಾಗುತ್ತಿದ್ದ ತೆಳು ಟೈಯ, ಜೆಲ್ ಹಚ್ಚಿದ ಕೂದಲಿನ ಜನ ಒಂದು ಕಡೆ. ಒಳಗೆ ನುಗ್ಗುತ್ತಿದ್ದ ಕರಿ ಟೀಷರ್ಟಿನವರು ಇನ್ನೊಂದು ಕಡೆ. ಒಬ್ಬರನ್ನೊಬ್ಬರು ನೋಡುತ್ತಿದ್ದ ರೀತಿಯಲ್ಲಿ ಎಳ್ಳಷ್ಟೂ ಸ್ನೇಹ ಇರಲಿಲ್ಲ.

ಭಾನುವಾರದ ಜನಸಾಗರವೇ ಎಲ್ಲಕ್ಕಿಂತ ದೊಡ್ಡದು. ಕ್ವಾಯಟ್ ರಯಟ್‌ನಿಂದ ಶುರುವಾಗಿ ಮಾಟ್ಲಿ ಕ್ರೂ, ಆಝಿ ಆಝ್‌ಬಾರ್ನ್, ಜೂಡಾಸ್ ಪ್ರೀಸ್ಟ್, ಸ್ಕಾರ್ಪಿಯನ್ಸ್, ಕೊನೆಗೆ ವ್ಯಾನ್ ಹೇಲನ್. ಆ ಒಂದು ರಾತ್ರಿಯ ಕಛೇರಿಗೆ ವ್ಯಾನ್ ಹೇಲನ್‌ಗೆ ಸಿಕ್ಕ ಸಂಭಾವನೆ 15 ಲಕ್ಷ ಡಾಲರು. ಹಿಂದಿನ ರಾತ್ರಿ ಕ್ಲ್ಯಾಷ್‌ನವರು ಇಂಥ ದುಡ್ಡಿನ ವಿಚಾರಕ್ಕೇ ತಕರಾರು ತೆಗೆದು ತಡವಾಗಿ ವೇದಿಕೆ ಹತ್ತಿದ್ದರು. ಬಿಸಿಲು, ಧೂಳು, ನೀರಿಗೆ ಪರದಾಟ. ಮಾರನೆಯ ದಿನ ಡೇವಿಡ್ ಬೋವಿ ಹಾಡುವವನಿದ್ದ. ಅದಕ್ಕೆ ಉಳಿಯೋಣವೆಂದರೆ ನಮ್ಮ ವ್ಯಾನಿನಲ್ಲಿ ಒಬ್ಬನೂ ಒಪ್ಪಲಿಲ್ಲ. “ಅದು ನಮ್ಮ ದಿನ ಅಲ್ಲ” ಎಂದರು. ಆ ನವೆಂಬರಿನಲ್ಲಿ ಕ್ವಾಯಟ್ ರಯಟ್‌ನ ‘ಮೆಟಲ್ ಹೆಲ್ತ್’ ಪೊಲೀಸ್ ಬ್ಯಾಂಡಿನ ‘ಸಿಂಕ್ರೊನಿಸಿಟಿ’ಯನ್ನು ಕೆಳಕ್ಕೆ ತಳ್ಳಿ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಮಾರನೆಯ ವಾರ ಯಜಮಾನ ನನ್ನ ಕೈಗೆ ಖಾಲಿ ಕಾರ್ಡು ಕೊಟ್ಟು, “ಹೆವಿ ಮೆಟಲ್ ಎಂದು ಬರಿ, ದಪ್ಪಗೆ” ಎಂದ.

ಆದರೆ ಹೆವಿ ಮೆಟಲ್ ಎಂಬ ಆ ಒಂದು ಕಾರ್ಡಿನ ಕೆಳಗೆ ಇಬ್ಬರು ದಾಯಾದಿಗಳಿದ್ದರು. ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್‌ನ ಮೆಟಲ್ ಒಂದು: ತುಟಿಗೆ ಬಣ್ಣ, ಊದಿಸಿದ ಕೂದಲು, ಮೈಗಂಟಿದ ಪ್ಯಾಂಟು, ಸಾವಿರಾರು ಜನ ಒಟ್ಟಿಗೆ ಕೂಗಬಹುದಾದ ಪಲ್ಲವಿ. ಬರ್ಕ್ಲಿ ಸುತ್ತಿನ ನಮ್ಮ ಕೊಲ್ಲಿ ಪ್ರದೇಶದ ಥ್ರ್ಯಾಶ್ ಇನ್ನೊಂದು. ಅದರ ಸುಳಿವು ನನಗೆ ಸಿಕ್ಕಿದ್ದು ರೆಕಾರ್ಡಿನ ಮಾರಾಟದಿಂದಲ್ಲ, ಖಾಲಿ ಕ್ಯಾಸೆಟ್ಟಿನ ಮಾರಾಟದಿಂದ. ಹರಿದ ಜೀನ್ಸಿನ ಕೆಲವು ಹುಡುಗರು ಪ್ರತಿ ಶುಕ್ರವಾರ ಬಂದು ಟಿಡಿಕೆ, ಮ್ಯಾಕ್ಸೆಲ್ 90 ನಿಮಿಷದ ಟೇಪುಗಳನ್ನು ಮಾತ್ರ ಒಯ್ಯುತ್ತಿದ್ದರು. ರೆಕಾರ್ಡು ಬೇಡ. ಒಂದು ದಿನ ಅವರಲ್ಲೊಬ್ಬ ತನ್ನ ಟೇಪನ್ನು ಅಂಗಡಿಯ ಡೆಕ್ಕಿನಲ್ಲಿ ಹಾಕಿಸಿದ. ನಕಲಿನ ನಕಲಿನ ನಕಲು. ಸುಂಯ್ ಎನ್ನುವ ಸದ್ದು ಹಾಡಿನಷ್ಟೇ ಜೋರು. ಅದರ ಅಡಿಯಿಂದ ತಂತಿಯನ್ನು ಅಂಗೈಯಂಚಿನಿಂದ ಒತ್ತಿಹಿಡಿದು, ಬರೀ ಕೆಳಮುಖವಾಗಿ ಮೀಟುತ್ತ ಓಡುವ ಗಿಟಾರು. ಅಂಥ ವೇಗ ನಾನು ಕೇಳಿರಲಿಲ್ಲ. ಮೆಟಾಲಿಕಾದ 1982ರ ‘ನೋ ಲೈಫ್ ಟಿಲ್ ಲೆದರ್’ ಡೆಮೊ ಅದು. ಆಗ ಯಾವ ಕಂಪನಿಯೂ ಹೊರತಂದಿರದಿದ್ದ ಆ ಟೇಪು ಅಂಚೆಯ ಮೂಲಕ ಯೂರೋಪಿನವರೆಗೂ ಹೋಗಿತ್ತು.

ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಆ ಬ್ಯಾಂಡು ಕ್ಲಿಫ್ ಬರ್ಟನ್ ಎಂಬ ಬೇಸ್ ಗಿಟಾರಿಗನಿಗಾಗಿ 1983ರಲ್ಲಿ ನಮ್ಮ ಕಡೆಗೆ ಬಿಡಾರ ಕಿತ್ತು ಬಂತು. ಪಕ್ಕದ ಎಲ್ ಸೆರಿಟೊದಲ್ಲಿ ಮನೆ. ನಮ್ಮ ಬರ್ಕ್ಲಿಯ ಸ್ಯಾನ್ ಪಾಬ್ಲೊ ರಸ್ತೆಯ ರೂಥೀಸ್ ಇನ್ ಕ್ಲಬ್ಬು ಈ ಗುಂಪಿನ ಅಡ್ಡೆ. ಎಕ್ಸೊಡಸ್ ಬ್ಯಾಂಡು ಅಲ್ಲಿನ ರಾಜ. ಕಿರ್ಕ್ ಹ್ಯಾಮೆಟ್ ಎಕ್ಸೊಡಸ್ ಬಿಟ್ಟು ಮೆಟಾಲಿಕಾ ಸೇರಿದ. ಅವನಿಗೆ ಗಿಟಾರು ಹೇಳಿಕೊಟ್ಟ ಜೋ ಸ್ಯಾಟ್ರಿಯಾನಿ ಬರ್ಕ್ಲಿಯ ಒಂದು ಗಿಟಾರು ಅಂಗಡಿಯಲ್ಲಿ ಪಾಠ ಮಾಡುತ್ತಿದ್ದವರು. ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ 1986ರಲ್ಲಿ ಬಂದಾಗ ವಿಡಿಯೊ ಇಲ್ಲ, ರೇಡಿಯೊದಲ್ಲಿ ಇಲ್ಲವೇ ಇಲ್ಲ ಎನ್ನಬೇಕು; ಆದರೂ ಐದು ಲಕ್ಷ ಪ್ರತಿ ದಾಟಿತು. ಅದೇ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬರ್ಟನ್ ತೀರಿಕೊಂಡ, 24 ವರ್ಷ. ನಮ್ಮ ಅಂಗಡಿಗೆ ಆ ವಾರ ಬಂದವರಲ್ಲಿ ಅವನನ್ನು ಹತ್ತಿರದಿಂದ ಕಂಡವರೇ ಹೆಚ್ಚು. ಯಾರೂ ಏನೂ ಕೊಳ್ಳಲಿಲ್ಲ, ಸುಮ್ಮನೆ ನಿಂತು ಹೋದರು.

ಈ ದಾಯಾದಿಗಳು ಒಂದೇ ವೇದಿಕೆ ಹತ್ತಿದ್ದನ್ನು ನಾನು ಕಂಡದ್ದು 1985ರ ಆಗಸ್ಟ್ 31ರಂದು, ಓಕ್ಲೆಂಡ್ ಸ್ಟೇಡಿಯಮ್ಮಿನಲ್ಲಿ ಬಿಲ್ ಗ್ರೇಯಮ್ ನಡೆಸುತ್ತಿದ್ದ ‘ಡೇ ಆನ್ ದ ಗ್ರೀನ್’ ಕಾರ್ಯಕ್ರಮದಲ್ಲಿ. ಮುಖ್ಯ ಬ್ಯಾಂಡು ಸ್ಕಾರ್ಪಿಯನ್ಸ್, ಅವರಿಗಿಂತ ಮೊದಲು ಲಾಸ್ ಏಂಜಲೀಸಿನ ರ‍್ಯಾಟ್, ಅವರಿಗಿಂತ ಮೊದಲು ಮೆಟಾಲಿಕಾ. ಹಗಲು ಹೊತ್ತಿನಲ್ಲಿ, ದಿನನಿತ್ಯದ ಬಟ್ಟೆಯಲ್ಲೇ ಬಂದು ನಿಂತರು. ಹೊಗೆಯಿಲ್ಲ, ಬಣ್ಣದ ದೀಪವಿಲ್ಲ. ಆಮೇಲೆ ಬಂದ ರ‍್ಯಾಟ್ ಚೆನ್ನಾಗಿಯೇ ನುಡಿಸಿತು, ಜನಕ್ಕೂ ಖುಷಿಯಾಯಿತು. ನನಗೆ ಮಾತ್ರ ಆ ಮಧ್ಯಾಹ್ನವೇ ಅನ್ನಿಸಿತು, ಎಂಬತ್ತರ ದಶಕದ ರಾಕಿನಲ್ಲಿ ನಿಜವಾದ ಗಡಿ ಗಿಟಾರು–ಸಿಂಥಸೈಜರ್ ನಡುವಿನದಲ್ಲ. ಟೀವಿ ಸಾಕಿದ ಸಂಗೀತ ಒಂದು, ಗೆಳೆಯರ ಕ್ಯಾಸೆಟ್ಟು ಸಾಕಿದ ಸಂಗೀತ ಇನ್ನೊಂದು. ಡ್ಯುರಾನ್ ಡ್ಯುರಾನ್ ಮತ್ತು ರ‍್ಯಾಟ್ ಒಂದೇ ಮನೆಯವರು. ಮೆಟಾಲಿಕಾ, ಜಾರ್ಜಿಯಾದ ಆರ್‌ಇಎಂ, 1986ರ ಕೊನೆಯ ರಾತ್ರಿ ನಮ್ಮೂರಿನ ಗಿಲ್ಮನ್ ರಸ್ತೆಯಲ್ಲಿ ಬಾಗಿಲು ತೆರೆದ ಪಂಕ್ ಹುಡುಗರ ಕ್ಲಬ್ಬು ಇವೆಲ್ಲ ಇನ್ನೊಂದು ಮನೆ. ಕೇಳಲು ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ. ಆರ್‌ಇಎಂನ ತಂತಿ ಬಿಡಿಬಿಡಿಯಾಗಿ ಗಿಣಿಗಿಣಿ ಎನ್ನುತ್ತದೆ, ಹಾಡುಗಾರನ ಮಾತು ಅರ್ಧ ತಿಳಿಯುವುದಿಲ್ಲ. ಅವರನ್ನು ನಮಗೆ ಮುಟ್ಟಿಸಿದ್ದು ಕೆ.ಎ.ಎಲ್.ಎಕ್ಸ್‌ನಂಥ ವಿದ್ಯಾರ್ಥಿಗಳ ರೇಡಿಯೊ.

ಈ ಗಡಿಯೆಲ್ಲ ನಮ್ಮ ವ್ಯಾಪಾರಕ್ಕೆ ಅನುಕೂಲ ಎನ್ನುವುದನ್ನೂ ಹೇಳಬೇಕು. ಕಾರ್ಡು ಹೆಚ್ಚಿದಷ್ಟೂ ಗಿರಾಕಿ ತನ್ನ ಮೂಲೆಗೆ ನೆಟ್ಟಗೆ ಹೋಗಿ ಎರಡರ ಬದಲು ನಾಲ್ಕು ಕೊಳ್ಳುತ್ತಿದ್ದ. ದೇಶದ ಒಟ್ಟು ಮಾರಾಟದಲ್ಲಿ ಕ್ಯಾಸೆಟ್ಟು ಎಲ್‌ಪಿಯನ್ನು ದಾಟಿದ್ದು 1983ರಲ್ಲಿ, ಸೀಡಿ ಎಲ್‌ಪಿಯನ್ನು ದಾಟಿದ್ದು 1988ರಲ್ಲಿ. ಅಮೆರಿಕದಲ್ಲೇ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಸೀಡಿ ಸ್ಪ್ರಿಂಗ್‌ಸ್ಟೀನ್‌ನ ‘ಬಾರ್ನ್ ಇನ್ ದ ಯು.ಎಸ್.ಎ.’ ಎಲ್‌ಪಿ ರ‍್ಯಾಕಿನಲ್ಲಿ ಹಿಡಿಸಲೆಂದು ಸೀಡಿಗಳು ಅಡಿಯುದ್ದದ ರಟ್ಟಿನ ಡಬ್ಬಿಯಲ್ಲಿ ಬರುತ್ತಿದ್ದವು. ಒಳಗೆ ಅರ್ಧಕ್ಕಿಂತ ಹೆಚ್ಚು ಬರೀ ಗಾಳಿ. ಗಿರಾಕಿ ಬಾಗಿಲ ಹೊರಗೇ ಹರಿದು ಎಸೆದು ಹೋಗುವನು, ಗುಡಿಸುವ ಕೆಲಸ ನಮ್ಮದು. ಕೆಲವು ತಾಯಂದಿರ ಒತ್ತಾಯದಿಂದ 1985ರಲ್ಲಿ ವಾಷಿಂಗ್ಟನ್ನಿನಲ್ಲಿ ಸೆನೆಟ್ ವಿಚಾರಣೆಯಾಗಿ ಆಕ್ಷೇಪಾರ್ಹ ಹಾಡಿನ ರೆಕಾರ್ಡುಗಳಿಗೆ ಎಚ್ಚರಿಕೆಯ ಚೀಟಿ ಬರತೊಡಗಿದಾಗ, ಚೀಟಿ ಇದ್ದದ್ದೇ ಮೊದಲು ಖರ್ಚಾಯಿತು. ಚೀಟಿ ಹಾಕಿಸಿದ ತಾಯಂದಿರು ನಮ್ಮ ಅಂಗಡಿಗೆ ಒಮ್ಮೆ ಬಂದಿದ್ದರೆ ಸಾಕಿತ್ತು.

ಗಡಿ ಮೀರಿದವರೂ ಇದ್ದರು. ಗಿಟಾರಿನ ದೇವರೆನಿಸಿದ್ದ ಎಡ್ಡಿ ವ್ಯಾನ್ ಹೇಲನ್ 1983ರಲ್ಲಿ ಸಿಂಥಸೈಜರ್ ಮುಂದೆ ಕೂತು ‘ಜಂಪ್’ ಮಾಡಿದ; ಮೆಟಲ್ ಹುಡುಗರು ತಲೆ ಚಚ್ಚಿಕೊಂಡರು, ಹಾಡು ಐದು ವಾರ ಮೊದಲ ಸ್ಥಾನದಲ್ಲಿ ಕೂತಿತು. ಮೈಸೂರಿನಿಂದ ನನ್ನ ತಮ್ಮ ಬರೆದ: “ಅಣ್ಣಾ, ಐರನ್ ಮೇಡನ್‌ದು ಒಂದು ಕಳಿಸು, ಹಾಗೇ ಕಲ್ಚರ್ ಕ್ಲಬ್‌ದೂ ಒಂದು.” ಟೆಲಿಗ್ರಾಫ್ ರಸ್ತೆಯಲ್ಲಿ ಈ ಎರಡನ್ನು ಒಟ್ಟಿಗೆ ಕೇಳಿದ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಮೈಸೂರಿನಲ್ಲಿ ಕಾರ್ಡೂ ಇಲ್ಲ, ರ‍್ಯಾಕೂ ಇಲ್ಲ, ಕಳಿಸಿದ್ದೆಲ್ಲ ಕೇಳುತ್ತಿದ್ದ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಗನನ್ನು ಕರೆದುಕೊಂಡು ಹೋಗಿ ಗಂಟಲು ಕಟ್ಟಿಸಿಕೊಂಡು ಬಂದ.

ಯಾವುದು ಎಷ್ಟು ಜನಪ್ರಿಯ ಎಂಬ ಲೆಕ್ಕವೂ ಆಗ ಬಾಯಿಮಾತಿನದು. ಪಟ್ಟಿ ಮಾಡುವವರಿಂದ ವಾರಕ್ಕೊಮ್ಮೆ ಫೋನು ಬರುತ್ತಿತ್ತು: ಈ ವಾರ ಯಾವುದು ಚೆನ್ನಾಗಿ ಹೋಯಿತು? ಎಷ್ಟು ಪ್ರತಿ ಎಂದು ಯಾರೂ ಕೇಳುತ್ತಿರಲಿಲ್ಲ, ಮೇಲಿನಿಂದ ಕೆಳಕ್ಕೆ ಹೆಸರು ಹೇಳಿದರೆ ಆಯಿತು. ಫೋನೆತ್ತಿದವನ ರುಚಿ, ಪುಕ್ಕಟೆ ಟಿಕೇಟು ತಂದುಕೊಟ್ಟ ಏಜೆಂಟನ ಮುಲಾಜು ಎಲ್ಲ ಆ ಪಟ್ಟಿಯೊಳಗೆ ಸೇರುತ್ತಿತ್ತು. 1991ರ ಮೇ ತಿಂಗಳಿನಿಂದ ಬಿಲ್‌ಬೋರ್ಡ್ ತನ್ನ ಆಲ್ಬಮ್ ಪಟ್ಟಿಗೆ ಸೌಂಡ್‌ಸ್ಕ್ಯಾನ್ ಕಂಪನಿಯ ಬಾರ್‌ಕೋಡ್ ಲೆಕ್ಕವನ್ನು ತೆಗೆದುಕೊಂಡಿತು. ಜೂನಿನಲ್ಲೇ ಸ್ಕಿಡ್ ರೋ ಎಂಬ ಮೆಟಲ್ ಬ್ಯಾಂಡಿನ ಆಲ್ಬಮ್ ನೇರ ಮೊದಲ ಸ್ಥಾನಕ್ಕೇ ಬಂದು ಇಳಿಯಿತು, ಆಗಸ್ಟಿನಲ್ಲಿ ಮೆಟಾಲಿಕಾ. ನಮ್ಮಂಥವರು ಫೋನಿನಲ್ಲಿ ಹೇಳದೆ ನುಂಗಿದ್ದ ಗಿರಾಕಿಗಳು ಎಷ್ಟಿದ್ದರೆಂದು ಯಂತ್ರ ಹೇಳಿತು. ಮುಂದಿನ ಜನವರಿಯಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಮೈಕಲ್ ಜಾಕ್ಸನ್‌ನ ಜಾಗ ಹಿಡಿದಾಗ ಅದನ್ನು ಪಂಕ್ ಕೆಳಗೆ ಇಡುವುದೋ ಮೆಟಲ್ ಕೆಳಗೆ ಇಡುವುದೋ ಎಂದು ನಮ್ಮಲ್ಲಿ ಚರ್ಚೆ ನಡೆಯಿತು. ಯಜಮಾನ ಅದನ್ನು ಬಾಗಿಲ ಪಕ್ಕ ರಾಶಿ ಹಾಕಿಸಿದ.

ಎಂಬತ್ತರ ದಶಕದ ರಾಕ್ ಅಂದರೆ ಬರೀ ಊದಿಸಿದ ಕೂದಲು ಎಂದು ಈಗಿನವರು ನಗುವುದನ್ನು ಕೇಳಿದ್ದೇನೆ. ಅವರಿಗೆ ನನ್ನದೊಂದು ಸಲಹೆ. 1984 ಎಂಬ ಒಂದೇ ವರ್ಷವನ್ನು ತೆಗೆದುಕೊಳ್ಳಿ: ವ್ಯಾನ್ ಹೇಲನ್‌ನ ‘1984’, ಪ್ರಿನ್ಸ್‌ನ ‘ಪರ್ಪಲ್ ರೇನ್’, ಸ್ಪ್ರಿಂಗ್‌ಸ್ಟೀನ್‌ನ ‘ಬಾರ್ನ್ ಇನ್ ದ ಯು.ಎಸ್.ಎ.’, ಮೆಟಾಲಿಕಾದ ‘ರೈಡ್ ದ ಲೈಟ್ನಿಂಗ್’, ಆರ್‌ಇಎಂನ ‘ರೆಕನಿಂಗ್’, ಹಸ್ಕರ್ ಡೂನ ‘ಝೆನ್ ಆರ್ಕೇಡ್’. ಎಲ್ಲ ಈಗ ಫೋನಿನಲ್ಲೇ ಸಿಗುತ್ತವೆ. ಈ ಕ್ರಮದಲ್ಲೇ ಕೇಳಿ, ಮಧ್ಯದಲ್ಲಿ ಯಾವುದನ್ನೂ ಹಾರಿಸಬೇಡಿ.